ಸಂಜೆ ಆರರ ನೀರು

ನೀರಿಗಿಳಿದ ಮೇಲೆ ಚಳಿಯೇನು, ಶಾಲೇನು ಎಂದು ಗಾದೆ. 'ಮಳೆಯೇನು' ಎಂದು ತಿದ್ದಲು ಬರುವ ಪಂಡಿತರು ದಯಮಾಡಿ ದಡದಲ್ಲೇ ನಿಲ್ಲಬೇಕು. ಮಳೆ ಬೇರೆ ಊರಿನ ಮಾತು. ದಾವಣಗೆರೆಯಲ್ಲಿ ನೀರಿಗಿಳಿದವರ ಮೇಲೆ ಬೀಳುವುದು ಶಾಲು. ಇದು ನಡೆದ ಕಥೆ, ಒಂದಕ್ಷರ ಸುಳ್ಳಿಲ್ಲ. ಅನುಮಾನವಿದ್ದವರು ಸರಸ್ವತಿ ನಗರಕ್ಕೆ ಹೋಗಿ ಯಾರನ್ನಾದರೂ ಕೇಳಬಹುದು. ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ. ಸುಳ್ಳಾಗಿದ್ದರೆ ಎಲ್ಲರೂ ಮಾತಾಡಿಕೊಂಡು ಒಂದೇ ರೀತಿ ಹೇಳುತ್ತಿದ್ದರು.

ಶಾಲು ಬಿದ್ದದ್ದು ಮುಸರತ್ ಹೆಗಲ ಮೇಲೆ. ಹರಿಹರದ ಬಜಾರಿನಲ್ಲಿ ತಗಡಿನ ಟ್ರಂಕು ಮಾಡುವ ಲಾಲ್ ಸಾಬರ ಮಗಳು. ರಾಜ್ಯದ ಮಹಿಳಾ ವಾಟರ್ ಪೋಲೋ ತಂಡದ ಗೋಲ್‌ಕೀಪರ್. ಎರಡು ಸಲ ರಾಷ್ಟ್ರೀಯ ಚಾಂಪಿಯನ್, ಎರಡನೆಯ ಸಲ ನಾಯಕಿಯಾಗಿ. ವಿದ್ಯಾನಗರದ ಒಂದು ಮಹಿಳಾ ಕಾಲೇಜಿನಲ್ಲಿ ದೈಹಿಕ ಶಿಕ್ಷಣದ ಟೀಚರ್. ಇಷ್ಟನ್ನು ಯಾವ ವೇದಿಕೆಯಲ್ಲೂ ಯಾವ ನಿರೂಪಕನೂ ಇದುವರೆಗೆ ಸರಿಯಾಗಿ ಹೇಳಿಲ್ಲ. ಒಬ್ಬ ವಾಲಿಬಾಲ್ ಅಂದ. ಇನ್ನೊಬ್ಬ ವಾಟರ್ ಸಪ್ಲೈ ಅಂದ. ಸಭೆಯಲ್ಲಿದ್ದ ಹಿರಿಯರೊಬ್ಬರು ಎದ್ದು, ನಮ್ಮ ಓಣಿಗೆ ನಲ್ಲಿ ಬಂದು ವಾರವಾಯಿತು ಎಂದು ಅವಳಿಗೇ ದೂರು ಕೊಟ್ಟರು. ಪೋಲೋ ಎಂದ ಮೇಲೆ ಕುದುರೆಯ ಪ್ರಶ್ನೆಯಂತೂ ತಪ್ಪಿದ್ದೇ ಇಲ್ಲ. "ನೀರಾಗ ಕುದ್ರಿ ಮುಳುಗಲ್ವೇನಮ್ಮ?" ಮೊದಮೊದಲು ನಕ್ಕು ವಿವರಿಸುತ್ತಿದ್ದಳು. ಆಮೇಲೆ ನಗದೆ ವಿವರಿಸುತ್ತಿದ್ದಳು. ಈಗ "ಮುಳುಗ್ತಾವ್ರಿ, ಅದಕ್ಕೇ ವರ್ಷಾ ವರ್ಷಾ ಹೊಸಾವು ತರ್ತೀವಿ" ಎಂದುಬಿಡುತ್ತಾಳೆ. ಕೇಳಿದವರು ಪಾಪ ಎಂದು ಲೊಚಗುಟ್ಟಿ ಹೋಗುತ್ತಾರೆ.

ಆಟ ಕಷ್ಟದ್ದೇ ಹೊರತು ಅರ್ಥವಾಗದ್ದೇನಲ್ಲ. ಆ ಕಡೆ ಏಳು ಜನ, ಈ ಕಡೆ ಏಳು ಜನ, ನಡುವೆ ಒಂದು ಚೆಂಡು, ಎರಡು ತುದಿಗೆ ತೇಲುವ ಗೋಲು. ಕಾಲು ತಳಕ್ಕೆ ತಾಗುವಂತಿಲ್ಲ, ಗೋಡೆ ಹಿಡಿದು ಸುಧಾರಿಸಿಕೊಳ್ಳುವಂತಿಲ್ಲ. ಮೇಲೆ ಕಾಣುವುದು ಟೋಪಿ ಮತ್ತು ಕೈ. ಕೆಳಗೆ ರೆಫರಿಗೂ ಕಾಣದಂತೆ ಒದೆತ, ಚಿವುಟಾಟ, ಜಗ್ಗಾಟ. "ಕೂಡು ಕುಟುಂಬ ಇದ್ದಂಗ್ರಿ" ಎಂದು ಮುಸರತ್ ಹೇಳುವುದುಂಟು. "ಮ್ಯಾಲೆ ನೋಡಿದ್ರೆ ಎಲ್ರೂ ನಗ್ತಿರ್ತಾರೆ."

ಅವಳು ಈಜು ಕಲಿತದ್ದು ಹರಿಹರದ ಹೊಳೆಯಲ್ಲಿ. ಓರಗೆಯ ಹುಡುಗರು ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು ಕಲಿತರೆ, ಲಾಲ್ ಸಾಬರು ಮಗಳಿಗೆಂದು ತಗಡಿನ ಪುಟ್ಟ ಡಬ್ಬಿ ಮಾಡಿ, ಗಾಳಿ ಹೊರಹೋಗದಂತೆ ಬೆಸುಗೆ ಹಾಕಿಕೊಟ್ಟಿದ್ದರು. ತಾಯಿ ಇಮಾಂಬೀಗೆ ಮುಳುಗುವ ಭಯವಿರಲಿಲ್ಲ, ಕೂದಲಿನ ಚಿಂತೆಯಿತ್ತು. ಕಾಲೇಜಿಗೆ ದಾವಣಗೆರೆಗೆ ಬಂದ ಮೇಲೆ ಈಜಿನ ಪಂದ್ಯಗಳಲ್ಲಿ ಮುಸರತ್ ತಪ್ಪದೆ ಕೊನೆಯವಳಾದಳು. ಆದರೆ ಒಬ್ಬ ಮುದುಕ ಕೋಚ್ ಕಣ್ಣಿಗೆ ಬೇರೆಯದೇ ಬಿತ್ತು. ಸೋತು ದಡ ಹತ್ತಬೇಕಾದ ಹುಡುಗಿ ಆಳದ ನೀರಿನಲ್ಲಿ ನಿಂತು, ಎರಡೂ ಕೈ ಮೇಲೆತ್ತಿ, ಬಿಚ್ಚಿದ ಜಡೆ ಕಟ್ಟಿಕೊಳ್ಳುತ್ತಿದ್ದಳು. ಕೆಳಗೆ ಕಾಲುಗಳೆರಡೂ ಕಡೆಗೋಲಿನ ಹಾಗೆ ಒಂದು ಈ ಕಡೆ, ಒಂದು ಆ ಕಡೆ ತಿರುಗುತ್ತಿದ್ದವು. ಕೋಚ್ ಅವಳನ್ನು ಈಜಿನ ಪಂದ್ಯದಿಂದ ಎತ್ತಿ ಗೋಲಿನ ಬಾಯಿಗೆ ನಿಲ್ಲಿಸಿದರು. ಆಮೇಲೆ ಮೂಗು ಒಂದು ಸಲ ಮುರಿಯಿತು, ಕಿರುಬೆರಳು ಶಾಶ್ವತವಾಗಿ ಸೊಟ್ಟಗಾಯಿತು, ಚಿನ್ನ ಬಂತು. ಎರಡನೆಯ ಫೈನಲ್‌ನಲ್ಲಿ, ಆಟ ಮುಗಿಯಲು ಉಸಿರು ಬಿಡುವಷ್ಟು ಹೊತ್ತಿದೆ ಎನ್ನುವಾಗ ಬಂದ ಪೆನಾಲ್ಟಿಯನ್ನು ಮುಖದಿಂದಲೇ ತಡೆದಳು. ಪೇಪರಿನವರು ಆ ಫೋಟೋ ಹಾಕಿ, ಕೆಳಗೆ ಇನ್ಯಾರದೋ ಹೆಸರು ಬರೆದರು.

ಈಗ ಎಡಭುಜ ಸೋತಿದೆ. ಇನ್ನೊಂದು ಸೀಸನ್ನು, ಅಷ್ಟೇ, ಎಂದಿದ್ದಾರೆ ಡಾಕ್ಟರು. ಆಡಿದ್ದೆಲ್ಲ ಬೇರೆ ಊರಿನ ನೀರಿನಲ್ಲಿ, ಬೇರೆ ಊರಿನ ಹೆಸರಿನ ಟೋಪಿ ಹಾಕಿಕೊಂಡು. ದಾವಣಗೆರೆ ಎಂದು ಬರೆದ ಟೋಪಿಯ ಹೆಣ್ಣುಮಕ್ಕಳ ತಂಡವೊಂದನ್ನು ಮುಂದಿನ ತಿಂಗಳ ರಾಜ್ಯ ಪಂದ್ಯಾವಳಿಗೆ ಇಳಿಸಿ ತಾನು ಮೇಲೆ ಹತ್ತಬೇಕು ಎಂಬುದೊಂದೇ ಅವಳಿಗೆ ಉಳಿದ ಆಸೆ. ಹುಡುಗಿಯರು ಸಿಕ್ಕಿದ್ದರು. ಕೊನೆಯ ವರ್ಷದ ಭವ್ಯಾ ಅಂತೂ ಎಸೆದರೆ ಚೆಂಡು ಶಿಳ್ಳೆ ಹೊಡೆಯುತ್ತಿತ್ತು. ಈ ವರ್ಷ ತಪ್ಪಿದರೆ ಅವರೆಲ್ಲ ಡಿಗ್ರಿ ಮುಗಿಸಿ ಚೆಲ್ಲಾಪಿಲ್ಲಿ. ಇಲ್ಲದ್ದು ನೀರು. ದಿನಕ್ಕೊಂದು ತಾಸು, ಸಂಜೆ, ಕಾಲು ತಾಗದಷ್ಟು ಆಳದ್ದು.

ಅಂಥ ನೀರು ಇದ್ದದ್ದು ಸರಸ್ವತಿ ನಗರದ ತುಂಗಾತರಂಗ ಈಜುಕೊಳದಲ್ಲಿ. ಆ ಕೊಳಕ್ಕೊಂದು ಕಮಿಟಿ, ಕಮಿಟಿಗೊಬ್ಬ ಅಧ್ಯಕ್ಷ, ಮಾಲತೇಶಪ್ಪ. ಊರಿನಲ್ಲಿ ಎಲ್ಲಿ ಸನ್ಮಾನ ನಡೆದರೂ ಹಾಕಲೋ ಹಾಕಿಸಿಕೊಳ್ಳಲೋ ಅವರು ಇರಲೇಬೇಕು. ಮುಸರತ್‌ಗೂ ಅವರೇ ಶಾಲು ಹೊದಿಸಿದರು. ಅವಳು ಮೈಕ್ ಕಸಿದುಕೊಂಡಂತೆ ತೆಗೆದುಕೊಂಡು ಹೇಳಿದಳು.

"ಸರ್, ಶಾಲು ಬ್ಯಾಡ್ರಿ. ಸಂಜೆ ಆರರಿಂದ ಏಳು, ಆಳದ ಕಡೆ ನೀರು ಕೊಡ್ರಿ, ಸಾಕು."

ಸಭೆ ಚಪ್ಪಾಳೆ ತಟ್ಟಿತು. ಮಾಲತೇಶಪ್ಪನವರ ಕಣ್ಣು ತೇವವಾಯಿತು. "ಎಂಥಾ ವಿನಯ ನೋಡ್ರಿ ಈ ಮಗೀಗೆ. ಶಾಲು ಬ್ಯಾಡ ಅಂತಾಳೆ" ಎಂದು ಇನ್ನೊಂದು ಶಾಲು ಹೊದಿಸಿದರು.

ಮಾಲೆ ಹಾಕಿ ಮೂಲೆಗೆ ಕೂಡಿಸುವುದು, ಸನ್ಮಾನಿಸಿ ಸುಮ್ಮನಾಗಿಸುವುದು ಊರಿನ ವಾಡಿಕೆ. ಮುಸರತ್ ಆ ಶಾಲುಗಳನ್ನು ಒಯ್ದು ಅಪ್ಪನ ಅಂಗಡಿಯ ದೊಡ್ಡ ಟ್ರಂಕಿನಲ್ಲಿ ಹಳೆಯ ಶಾಲುಗಳ ಮೇಲೆ ತುರುಕಿ ಮುಚ್ಚಳದ ಮೇಲೆ ಕುಳಿತಳು. ಕುಳಿತರೂ ಅದು ಮುಚ್ಚಲಿಲ್ಲ.

ಸಂಜೆ ನೇರವಾಗಿ ಕೊಳಕ್ಕೇ ಹೋದಳು. ಆಳದ ಕಡೆ ಹಗ್ಗ ಕಟ್ಟಿತ್ತು. ಹಗ್ಗದಾಚೆ ಐವರು ಹಿರಿಯರು ಅಂಗಾತ ತೇಲುತ್ತಿದ್ದರು. ಮುಖ ಐದು, ಹೊಟ್ಟೆ ಐದು, ನಡುಗಡ್ಡೆಗಳ ಹಾಗೆ. ಪ್ರತಿ ಸಂಜೆ ಆರರಿಂದ ಏಳು ಅವರು ಹಾಗೆ ತೇಲಿಕೊಂಡು ದೇಶದ ಭವಿಷ್ಯ ಮಾತಾಡುವುದು ಹಳೆಯ ಪದ್ಧತಿ. ಕೈಕಾಲು ಆಡಿಸುವುದು ನಿಷಿದ್ಧ, ನೀರು ಕದಡುತ್ತದೆ.

"ಸರ್, ನಮಸ್ಕಾರ್ರಿ."

ಮಾಲತೇಶಪ್ಪನವರ ಕಿವಿ ನೀರಿನೊಳಗಿತ್ತು. "ಹ್ಞಾಂ?"

ಮುಸರತ್ ಮಂಡಿಯೂರಿ ಕೂತು ಕೂಗಿದಳು. "ಹುಡ್ಗೇರಿಗೆ ಸಂಜೆ ಒಂದು ತಾಸು ನೀರು ಬೇಕ್ರಿ."

"ಲೇಡೀಸ್ ಟೈಮ್ ಹನ್ನೊಂದಕ್ಕೆ ಐತಲ್ಲಮ್ಮ."

"ಹನ್ನೊಂದಕ್ಕೆ ಕ್ಲಾಸ್ ಇರ್ತಾವ್ರಿ."

"ಕ್ಲಾಸು ಮುಖ್ಯ. ಓದ್ಲಿ."

"ಅದಕ್ಕೇ ಸಂಜೆ ಕೇಳಾಕತ್ತಿದ್ದು."

"ಸಂಜೆ ನಾವು ತೇಲ್ತೀವಿ."

"ನೀವು ಬೆಳಿಗ್ಗೆ ತೇಲ್ರಿ ಸರ್."

ಪಕ್ಕದ ನಡುಗಡ್ಡೆ ಮಾತಾಡಿತು. ಅದು ತಿಪ್ಪೇಶ್, ಬೀಜದ ಅಂಗಡಿಯ ಮಾಲೀಕರು. "ಚೆಂಡು ಬಡಿದು ಲೈಟು ಒಡೆದ್ರೆ ಯಾರ್ ಕೊಡ್ತಾರೆ? ಬ್ಯಾಡಮ್ಮ."

"ಆತು, ಕಮಿಟಿಯಾಗ ಇಡಾಣ, ನೋಡಾಣ" ಎಂದರು ಮಾಲತೇಶಪ್ಪ.

"ಕಮಿಟಿ ಇಲ್ಲೇ ಐತಲ್ಲ ಸರ್. ಐದೂ ಜನ ಇಲ್ಲೇ ಅದೀರಿ."

"ಇದು ತೇಲೋ ಟೈಮು. ಮೀಟಿಂಗ್ ಟೈಮಲ್ಲ" ಎಂದು ಅವರು ಕಣ್ಣು ಮುಚ್ಚಿದರು. ಮೀಟಿಂಗ್ ಟೈಮ್ ಯಾವಾಗ ಎಂದು ಕೇಳುವಷ್ಟರಲ್ಲಿ ಮೂಗು ಮಾತ್ರ ಮೇಲಿತ್ತು. ಈ ಸಂಭಾಷಣೆ ಮೂರು ವರ್ಷದಲ್ಲಿ ಎಷ್ಟನೆಯ ಸಲವೋ ನಡೆದದ್ದು, ಒಂದು ಪದವೂ ಅದಲುಬದಲಾಗಿರಲಿಲ್ಲ.

ನೀರಿಲ್ಲದೆ ನೀರಾಟ ಕಲಿಸುವುದು ಹೇಗೆ? ಕಾಲೇಜಿನ ಮೈದಾನದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ, ತುದಿಯಲ್ಲಿ ಕೂಡಿಸಿ, ಗಾಳಿಯಲ್ಲಿ ಕಾಲು ಕಡೆಸುತ್ತ ಚೆಂಡು ಎಸೆಸಿದಳು. ಸಾಲಾಗಿ ಕುಳಿತು ಕಾಲು ತಿರುವುವ ಹುಡುಗಿಯರನ್ನು ನೋಡಿ ಪ್ರಿನ್ಸಿಪಾಲರು, ವಾರ್ಷಿಕೋತ್ಸವಕ್ಕೆ ಡ್ಯಾನ್ಸ್ ಚೆನ್ನಾಗಿದೆ, ಆದರೆ ಎದ್ದು ಮಾಡಲಿ ಎಂದರು. ಒಂದು ಭಾನುವಾರ ಎಲ್ಲರನ್ನೂ ಬಸ್ಸಿನಲ್ಲಿ ಭಾನುವಳ್ಳಿಗೆ ಕರೆದೊಯ್ದು ನಾಲೆಗೆ ಇಳಿಸಿದಳು. ನಾಲೆಯ ನೀರು ನಿಲ್ಲುವ ಜಾತಿಯದಲ್ಲ. ಭವ್ಯಾ ಎಡಕ್ಕೆ ಎಸೆದ ಚೆಂಡು ಬಲಕ್ಕೆ ಹೋಯಿತು, ಬಲಕ್ಕೆ ಹೋದ ಹುಡುಗಿ ಚೆಂಡಿನ ಹಿಂದೆ ಹೋದಳು. ಗದ್ದೆಯಲ್ಲಿದ್ದ ಒಬ್ಬ ಚೆಂಡು ಹಿಡಿದು ತಂದುಕೊಟ್ಟು ಕೇಳಿದ. "ಕುದ್ರಿ ಎಲ್ಲಿ ಕಟ್ಟೀರಿ?"

ಅಲ್ಲಿಂದ ಹಿಂದೆ ಬಂದವಳೇ ಮುಸರತ್ ಒದ್ದೆ ಜಡೆಯಲ್ಲೇ ತಮ್ಮನ ಅಂಗಡಿಗೆ ನುಗ್ಗಿದಳು. ಅಬ್ರಾರ್‌ದು ಫ್ಲೆಕ್ಸ್ ಪ್ರಿಂಟಿಂಗ್. ಹುಟ್ಟುಹಬ್ಬ, ಗೃಹಪ್ರವೇಶ, ಗೆದ್ದವರಿಗೆ ಅಭಿನಂದನೆ, ಸೋತವರಿಗೆ ಮುಂದಿನ ಸಲದ ಶುಭಾಶಯ, ಎಲ್ಲ ಅವನಲ್ಲೇ. ಜೊತೆಗೆ ಅನುಕರಣೆಯ ಹುಚ್ಚು. ಅವನ ಗಂಟಲಿನಲ್ಲಿ ಅರ್ಧ ದಾವಣಗೆರೆ ಬಾಡಿಗೆಗಿತ್ತು.

"ಹಂಗಲ್ಲಮ್ಮ, ಕ್ಲಾಸು ಮುಖ್ಯ, ಓದ್ಲಿ" ಎಂದ, ಮಾಲತೇಶಪ್ಪನವರ ದನಿಯಲ್ಲೇ, ಕುರ್ಚಿಯಲ್ಲಿ ಅಂಗಾತ ಒರಗಿ, ಹೊಟ್ಟೆ ಉಬ್ಬಿಸಿ.

"ಸುಮ್ನಿರೋ. ಸಿಟ್ಟು ಬಂದೈತೆ ನಂಗೆ."

"ಆಪಾ, ನೀನು ಕೇಳೋದೇ ತಪ್ಪು. ಈ ಊರಾಗ ಕೇಳಿದ್ರೆ ಯಾರೂ ಕೊಡಲ್ಲ. ಕೊಟ್ಟಾರೆ ಅಂತ ಥ್ಯಾಂಕ್ಸ್ ಹೇಳ್ಬಿಡಬೇಕು. ಇಲ್ಲ ಅನ್ನಾಕ ಯಾರಿಗೆ ಬಾಯಿ ಬರ್ತೈತೆ?"

"ನಿನ್ನ ತಲಿ. ಏನಾದ್ರೂ ಮಾಡಿ ಹನ್ನೊಂದು ಗಂಟೆ ನೀರಿಗೂ ಕಲ್ಲು ಹಾಕಬ್ಯಾಡ" ಎಂದು ಬೈದು ಅವಳು ರೂಮಿಗೆ ಹೋದಳು. ಬೈಯುವ ಬದಲು ಅಲ್ಲೇ ಕಾವಲು ಕೂರಬೇಕಿತ್ತು.

ಮರುದಿನ ಬೆಳಿಗ್ಗೆ ಭವ್ಯಾಳ ಫೋನು. "ಮ್ಯಾಮ್, ನೀರು ಸಿಕ್ತಂತೆ. ನಮಗೆ ಹೇಳೇ ಇಲ್ಲ ನೀವು. ಬಸ್‌ಸ್ಟಾಪ್ ಹತ್ರ ಫ್ಲೆಕ್ಸ್ ಹಾಕ್ಯಾರೆ."

ಮುಸರತ್ ಹಲ್ಲುಜ್ಜುವುದನ್ನು ಅರ್ಧಕ್ಕೆ ಬಿಟ್ಟು ಸ್ಕೂಟಿ ಹತ್ತಿದಳು. ವಿದ್ಯಾನಗರದ ಬಸ್‌ಸ್ಟಾಪ್ ಪಕ್ಕದ ಕಂಬಕ್ಕೆ ಆಳೆತ್ತರದ ಫ್ಲೆಕ್ಸ್. ನಡುವೆ ಮಾಲತೇಶಪ್ಪನವರ ನಗುಮುಖ. ಕೆಳಗೆ: "ನಮ್ಮ ಹೆಣ್ಣುಮಕ್ಕಳ ವಾಟರ್ ಪೋಲೋ ತಂಡಕ್ಕೆ ಸಂಜೆ ಆರರಿಂದ ಏಳರವರೆಗೆ ಈಜುಕೊಳ ಕೊಟ್ಟ ಮಹಾನುಭಾವರೇ, ನಿಮ್ಮನ್ನು ಎಂದೆಂದೂ ಮರೆಯೆವು." ಅದರ ಕೆಳಗೆ ಇಡೀ ತಂಡದ ಫೋಟೋ, ಮುಂದಿನ ಸಾಲಿನಲ್ಲಿ ಅವಳೇ.

"ಅಬ್ರಾರ್" ಎಂದಳು ಫೋನಿನಲ್ಲಿ. ಮುಂದಿನ ಮಾತಿಗೆ ಹಲ್ಲು ಅಡ್ಡ ಬಂತು.

"ಹೆಂಗೈತೆ ಆಪಾ? ಐದು ನಿಮಿಷದಾಗ ಮಾಡಿದ್ದು. ಒಂದೇ ಕಷ್ಟ ಆತು. ಆ ಯಪ್ಪಂದು ಹಾರ ಇಲ್ಲದ ಫೋಟೋನೇ ಸಿಗಲಿಲ್ಲ. ಯಾವ ಫೋಟೋ ತೆಗೆದ್ರೂ ಸನ್ಮಾನದ್ದೇ."

ಆಗ ಅವಳು ಸರಿಯಾಗಿ ನೋಡಿದಳು. ಕೊರಳಿನಲ್ಲಿ ಚೆಂಡುಹೂವಿನ ದಪ್ಪ ಹಾರ. ನೋಡುತ್ತಿದ್ದಂತೆ ಬಸ್ಸಿಗೆ ಕಾಯುತ್ತಿದ್ದ ಹೆಂಗಸೊಬ್ಬಳು ಫ್ಲೆಕ್ಸಿಗೆ ಕೈಮುಗಿದು, "ಒಳ್ಳೇ ಮನಷ್ಯ, ಪಾಪ. ಯಾವಾಗ ಹೋದ್ರಂತೆ?" ಎಂದು ಪಕ್ಕದವಳನ್ನು ಕೇಳಿದಳು.

ಮುಸರತ್ ಕಂಬ ನೋಡಿದಳು. ಆ ಓಣಿಗಳಲ್ಲಿ ಯಾರು ತೀರಿಕೊಂಡರೂ ಶ್ರದ್ಧಾಂಜಲಿ ಕಟ್ಟುವುದು ಅದೇ ಕಂಬಕ್ಕೆ. ಬಸ್ಸಿನಲ್ಲಿ ಹೋಗುವವರು ಅಕ್ಷರ ಓದುವುದಿಲ್ಲ. ಆ ಕಂಬ, ಹಾರ ಹಾಕಿದ ಫೋಟೋ, 'ಎಂದೆಂದೂ ಮರೆಯೆವು', ಇಷ್ಟು ಕಂಡರೆ ಸಾಕು. ಬೆಳಗಿನಿಂದ ಹರಿಹರದ ಎಷ್ಟು ಬಸ್ಸು ಆ ದಾರಿಯಲ್ಲಿ ಹೋಗಿವೆಯೋ.

"ಕೊಂದ್ಯಲ್ಲೋ ಅವರನ್ನ" ಎಂದಳು.

"ಅಂದ್ರೆ?"

"ಬಂದು ಫ್ಲೆಕ್ಸ್ ಬಿಚ್ಚು ಮೊದ್ಲು" ಎಂದು ಅವಳು ಸ್ಕೂಟಿ ತಿರುಗಿಸಿದಳು. ದಾರಿಯುದ್ದಕ್ಕೂ ಲೆಕ್ಕ ಹಾಕಿದಳು: ಕಾಲು ಹಿಡಿಯುವುದೋ, ಮೊದಲು ಕ್ಷಮೆ ಕೇಳುವುದೋ. ಇನ್ನು ಸಂಜೆಯ ನೀರಿನ ಆಸೆ ಬಿಟ್ಟಂತೆಯೇ. ಹೇಗಾದರೂ ಹುಡುಗಿಯರನ್ನು ಕೊಳದ ಗೇಟಿನೊಳಗಾದರೂ ಬಿಡುವಂತೆ ನೋಡಿಕೊಳ್ಳಬೇಕು. ಮುಖದಿಂದ ಪೆನಾಲ್ಟಿ ತಡೆದವಳಿಗೆ ಈ ತಮ್ಮನನ್ನು ತಡೆಯಲಾಗಲಿಲ್ಲ.

ಮಾಲತೇಶಪ್ಪನವರ ಮನೆಯ ಮುಂದೆ ಆಗಲೇ ಓಣಿಯ ಜನ. ಬಾಗಿಲು ಒಳಗಿನಿಂದ ಹಾಕಿತ್ತು. ಜಗಲಿಯ ಮೇಲೆ ಅವರ ಅಕ್ಕ ಮರಿಯವ್ವ ಕುಳಿತು ಅಳುತ್ತಿದ್ದಳು. ಅವಳ ಊರು ಭಾನುವಳ್ಳಿಯಿಂದ ಬೆಳಗಿನ ಬಸ್ಸಿಗೆ ಬಂದವರೊಬ್ಬರು ಫ್ಲೆಕ್ಸ್ ಕಂಡು ಊರಿಗೆ ಫೋನು ಮಾಡಿದ್ದರು, ಅವಳು ಮುಂದಿನ ಬಸ್ಸಿಗೇ ಬಂದಿದ್ದಳು. ದಾರಿಯಲ್ಲಿ ಇಳಿದು, ಫ್ಲೆಕ್ಸಿನಲ್ಲಿ ಬರೆದದ್ದನ್ನು ಯಾರಿಂದಲೋ ಓದಿಸಿಕೊಂಡೇ ಬಂದಿದ್ದಳು ಎಂದು ಹಾಡಿನಿಂದ ತಿಳಿಯುತ್ತಿತ್ತು. ಆ ಕಡೆಯ ಮುದುಕಿಯರು ಸುಮ್ಮನೆ ಅಳುವುದಿಲ್ಲ, ಸತ್ತವರ ಗುಣ ಹಾಡಿ ಅಳುತ್ತಾರೆ.

"ಕಂಡೋರ ಮಕ್ಕಳನ ನಿನ್ನ ಮಕ್ಕಳಂದ್ಯೋ ತಮ್ಮಾ, ಕೊಳದ ಬಾಗಿಲ ತೆರೆದ್ಯೋ ನನ್ನಪ್ಪಾ, ಆಡೋ ಹೆಣ್ಮಕ್ಕಳಿಗೆ ಸಂಜೆ ನೀರ ಕೊಟ್ಟ್ಯೋ..."

ಬಾಗಿಲು ತೆರೆಯಿತು. ಮಾಲತೇಶಪ್ಪ ಸೊಂಟಕ್ಕೊಂದು ಪಂಚೆ, ತಲೆಯ ಮೇಲೊಂದು ಟವೆಲ್ಲು, ಕಿವಿಯಲ್ಲಿ ಸೋಪಿನ ನೊರೆಯೊಂದಿಗೆ ಹೊರಬಂದರು. ಹೆಂಡತಿ ಲತಾ ತವರಿಗೆ ಹೋಗಿದ್ದರು, ಫೋನು ಒಳಗೆಲ್ಲೋ ಬಡಿದುಕೊಳ್ಳುತ್ತಿತ್ತು.

"ಅಕ್ಕಾ."

"ಸುಮ್ನಿರಪ್ಪ ಯಾರೋ, ಅಳಾಕ ಬಿಡು" ಎಂದಳು ಮರಿಯವ್ವ, ತಿರುಗದೆ.

"ಅಕ್ಕಾ, ಯಾರು ಹೋದ್ರು?"

ದನಿಯ ಗುರುತು ಹತ್ತಿ ತಿರುಗಿದಳು. ಒಂದು ಗಳಿಗೆ ನೋಡಿದಳು. ಆಮೇಲೆ ತಮ್ಮನ ಕೆನ್ನೆಗೆ ಎರಡು ಬಿಗಿದು, ಅದೇ ಕೈಯಿಂದ ತಬ್ಬಿಕೊಂಡಳು. ಇದೇ ಸಮಯವೆಂದು ಮುಸರತ್ ಜನರ ನಡುವೆ ದಾರಿ ಮಾಡಿಕೊಂಡು ಮುಂದೆ ಬಂದಳು.

"ಸರ್, ಫ್ಲೆಕ್ಸ್ ಹಾಕಿದ್ದು ನನ್ನ ತಮ್ಮ. ಬುದ್ಧಿ ಇಲ್ಲ ಅವನಿಗೆ. ನೀವು ನೀರೂ ಕೊಟ್ಟಿಲ್ಲ, ಸತ್ತೂ ಇಲ್ಲ. ಈಗ್ಲೇ ಬಿಚ್ಚಿಸ್ತೀನ್ರಿ. ಹನ್ನೊಂದು ಗಂಟೆ ನೀರು ಮಾತ್ರ ನಿಲ್ಲಿಸಬ್ಯಾಡ್ರಿ."

ಮಾಲತೇಶಪ್ಪನವರಿಗೆ ಫ್ಲೆಕ್ಸ್, ಫೋಟೋ, ಕಂಬ ಎಲ್ಲವನ್ನೂ ಎರಡೆರಡು ಸಲ ಹೇಳಬೇಕಾಯಿತು. ಅವರ ಮುಖ ನಿಧಾನವಾಗಿ ಕೆಂಪೇರಿತು. "ಬದುಕಿರೋನಿಗೆ ಶ್ರದ್ಧಾಂಜಲಿ" ಎಂದರು, ಪ್ರತಿ ಅಕ್ಷರ ಜಗಿದು. "ಹನ್ನೊಂದು ಗಂಟೆನೂ ಇಲ್ಲ, ಹನ್ನೆರಡು ಗಂಟೆನೂ ಇಲ್ಲ. ಗೇಟಿಗೆ ಬೀಗ."

"ಏನಂದಿ?" ಎಂದಳು ಮರಿಯವ್ವ. "ನೀನು ಕೊಟ್ಟೇ ಇಲ್ವೇನು? ಇಷ್ಟೊತ್ತು ನಾನು ಹಾಡ್ಯಾಡಿ ಅತ್ತಿದ್ದು?"

"ಅದು ಸುಳ್ಳು ಫ್ಲೆಕ್ಸಕ್ಕ."

"ಫ್ಲೆಕ್ಸ್ ಸುಳ್ಳಿರ್ಲಿ. ಹಾಡು ನಂದು. ಇಲ್ಲದ ಗುಣ ಹಾಡಿ ಅತ್ರೆ ಸತ್ತೋರಿಗೆ ನೆಲೆ ಸಿಗಲ್ಲ, ಗೊತ್ತೇನು?"

"ನಾನು ಸತ್ತಿಲ್ಲಲ್ಲ."

"ಮುಂದೆ ಸಾಯಲ್ಲೇನು?"

ಮಾಲತೇಶಪ್ಪ ಟವೆಲ್ಲನ್ನು ಮುಖದ ಮೇಲೆಳೆದುಕೊಂಡು ಜಗಲಿಯ ಕಂಬದ ಮರೆಗೆ ಸರಿದು ಕಿವಿ ಒರೆಸುತ್ತ ನಿಂತರು. ಅಷ್ಟರಲ್ಲಿ ಗೇಟಿನ ಮುಂದೆ ಆಟೋ ನಿಂತು ತಿಪ್ಪೇಶ್ ಮತ್ತು ಉಳಿದ ಮೂವರು ತೇಲುಗಾರರು ಇಳಿದರು. ಕೈಯಲ್ಲಿ ಗುಲಾಬಿಯ ದೊಡ್ಡ ಹಾರ. ತಿಪ್ಪೇಶ್ ಮುಸರತ್‌ಳನ್ನು ಕಂಡವರೇ ಗಂಟಲು ಸರಿಮಾಡಿಕೊಂಡರು.

"ಫ್ಲೆಕ್ಸ್ ನೋಡಿದ್ವಮ್ಮ. ನಮಗೆ ಒಂದು ಮಾತು ಹೇಳದೆ ನಿಮಗೆ ನೀರು ಕೊಟ್ಟು ಹೋಗ್ಯಾನೆ. ಅವನ ಕೊನೇ ಕೆಲಸ ಅದು. ಟೀ ಅಂಗಡ್ಯಾಗೇ ಕಮಿಟಿ ಸೇರಿದ್ವಿ. ಠರಾವು ಪಾಸು, ಎಲ್ರೂ ಒಪ್ಪಿಗೆ. ಆರರಿಂದ ಏಳು ನಿಮ್ಮ ಹುಡ್ಗೇರಿಗೆ. ನಾವು ಇನ್ನ ಬೆಳಿಗ್ಗೆ ಐದಕ್ಕೆ ತೇಲಾದು."

ಮುಸರತ್ ಜಗಲಿಯ ಕಂಬದ ಕಡೆ ನೋಡಿದಳು.

"ಐದಕ್ಕೆ ಏಳ್ತೀಯೇನೋ ನೀನು?" ಎಂದಿತು ಟವೆಲ್ಲು.

"ಏಳದೆ ಏನ್ಮಾಡಾದು" ಎಂದರು ತಿಪ್ಪೇಶ್, ಮೂಗು ಒರೆಸಿಕೊಳ್ಳುತ್ತ. "ಅವನಂತೂ ಇನ್ನ ಏಳಾಂಗಿಲ್ಲ. ನಾವಾದ್ರೂ ಏಳಬೇಕಲ್ಲ."

ಹೇಳಿ ತಿರುಗಿ ನೋಡಿದರು. ಮಾಲತೇಶಪ್ಪ ಟವೆಲ್ಲು ತೆಗೆದರು. ಹಾರ ತಿಪ್ಪೇಶ್ ಕೈಯಿಂದ ಜಾರಿತು, ಉಳಿದ ಮೂವರಲ್ಲಿ ಒಬ್ಬರು ಆಟೋ ಹಿಂದೆ ಅಡಗಿದರು.

"ಮೂರು ವರ್ಷ ಕೋರಂ ಆಗಲಿಲ್ಲ" ಎಂದರು ಮಾಲತೇಶಪ್ಪ, ಬಹಳ ಮೆಲ್ಲಗೆ. "ನಾನು ಸತ್ತು ಸ್ನಾನ ಮುಗಿಸಾದ್ರಾಗ ಠರಾವು ಪಾಸ್ ಮಾಡೀರಲ್ಲೋ."

ಅವರ ಹೊಟ್ಟೆ ಮೊದಲು ಅಲುಗಿತು. ಆಮೇಲೆ ಭುಜ. ಮುಸರತ್ ಅದು ಸಿಟ್ಟೆಂದೇ ತಿಳಿದು ಒಂದು ಹೆಜ್ಜೆ ಹಿಂದೆ ಸರಿದಳು. ಮರಿಯವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು, ಅದು ಸಾಲದೆ ಕಿಸಕ್ಕೆಂದಳು. ತಿಪ್ಪೇಶ್ ಅಳುಮುಖದಲ್ಲೇ ನಗಲು ಹೋಗಿ ಕೆಮ್ಮಿದರು. ಓಣಿಗೆ ಓಣಿಯೇ ನಗತೊಡಗಿತು, ಕೊನೆಗೆ ಮುಸರತ್ ಕೂಡ, ಮೂರು ವರ್ಷದ ಸಿಟ್ಟೆಲ್ಲ ಸೇರಿ ಕಣ್ಣಲ್ಲಿ ನೀರು ಬರುವಂತೆ.

"ಸರ್, ಹಂಗಾದ್ರೆ ಇವತ್ತು ಆರಕ್ಕೆ ಕರ್ಕೊಂಡು ಬರ್ಲೇನ್ರಿ ಹುಡ್ಗೇರನ್ನ?" ಎಂದು ಆ ಗದ್ದಲದಲ್ಲೇ ಕೂಗಿ ಕೇಳಿದಳು.

ಮಾಲತೇಶಪ್ಪ ನಗುತ್ತಲೇ ಹೂಂ ಎನ್ನಲು ಕೈ ಎತ್ತಿದರು, ಎತ್ತಿದ ಕೈಯನ್ನು ತೊಡೆಗೆ ಬಡಿದರು, ಬಾಗಿಲ ಮೆಟ್ಟಿಲ ಮೇಲೆ ಕುಸಿದು ಕೂತರು. ಉಳಿದವರ ನಗೆ ಒಂದೊಂದಾಗಿ ಅಡಗಿದ ಮೇಲೂ ಅವರದು ನಿಲ್ಲಲಿಲ್ಲ. ಪಕ್ಕದ ಓಣಿಯವರು, ಹೆಣ ಎತ್ತುವ ಮನೆಯಲ್ಲಿ ಇದೆಂಥ ನಗೆ ಎಂದು ಬಾಗಿಲಿಗೆ ಬಂದು ನೋಡಿದರು.